ಹಗ್ಗದ ನೆವಿಲ್

ಕೆಸ್ಟ್ರೆಲ್ ಬೇ ಎಂಬ ಕಡಲೂರಿನಲ್ಲಿ ನೆವಿಲ್ ಹೆಸರಿನವರು ಮೂವರಿದ್ದರು: ಮೀನಂಗಡಿಯ ನೆವಿಲ್, ಪೋಸ್ಟಾಫೀಸಿನ ನೆವಿಲ್, ಹಗ್ಗದ ನೆವಿಲ್. ಹಗ್ಗದವನ ಪೂರ್ತಿ ಹೆಸರು ನೆವಿಲ್ ಹಾಸ್ಕಿನ್. ದಿಬ್ಬದ ಮೇಲಿನ ಕಲ್ಲಿದ್ದಲ ಗಣಿಯಲ್ಲಿ ಆಳುಗಳ ಕೇಜನ್ನು ಇಳಿಸಿ ಏರಿಸುವ ಯಂತ್ರದ ಚಾಲಕ. ಕೆಳಗಿನಿಂದ ಗಂಟೆ ಬರದೆ ಯಂತ್ರದ ಹಿಡಿ ಮುಟ್ಟುವಂತಿರಲಿಲ್ಲ. ಮೂರು ಸಲ ಬಡಿದರೆ ಕೇಜಿನಲ್ಲಿ ಮನುಷ್ಯರಿದ್ದಾರೆ ಎಂದರ್ಥ. ಹದಿನೇಳು ವರ್ಷಗಳಲ್ಲಿ ಒಂದು ದಿನವೂ ಗಂಟೆಗೆ ಮೊದಲು ಅವನ ಕೈ ಅಲುಗಿರಲಿಲ್ಲ.

ಭಾನುವಾರ ಬಂತೆಂದರೆ ಅವನು, ಮುಳುಗುವವರನ್ನು ಉಳಿಸುವ ಕಡಲ ರಕ್ಷಕರ ಕ್ಲಬ್ಬಿನ ಹಗ್ಗ ಹಿಡಿಯುತ್ತಿದ್ದ. ಕ್ಲಬ್ಬು ಹುಟ್ಟಿದ್ದು 1911ರಲ್ಲಿ. ದೋಣಿಯಲ್ಲಿ ಗೆದ್ದಿತ್ತು, ಮರಳಿನ ಓಟದಲ್ಲಿ ಗೆದ್ದಿತ್ತು, ಪಟ್ಟಿ ಈಜು ಮಾತ್ರ ಒಲಿದಿರಲಿಲ್ಲ. ಆ ಪಂದ್ಯದಲ್ಲಿ ಈಜುಗಾರ ಎದೆಗೆ ಕ್ಯಾನ್ವಾಸ್ ಪಟ್ಟಿ ಬಿಗಿದುಕೊಂಡು, ಬೆನ್ನ ಹಿಂದೆ ಹಗ್ಗ ಎಳೆದುಕೊಂಡು, ಅಲೆಗಳ ಆಚೆಗಿನ ತೇಲುಪೀಪಾಯಿಯನ್ನು ಮುಟ್ಟಿ ಕೈ ಎತ್ತಬೇಕು. ಮೊದಲು ಕೈ ಎತ್ತಿದವನೇ ಗೆದ್ದವನು. ದಡದ ರಾಟೆಯಿಂದ ಬಿಚ್ಚಿಕೊಳ್ಳುವ ಹಗ್ಗವನ್ನು ಮೊಣಕಾಲು ನೀರಿನಲ್ಲಿ ನಿಂತವನೊಬ್ಬ ತಲೆಗಿಂತ ಎತ್ತರಕ್ಕೆ ಹಿಡಿದು ಬಿಡುತ್ತಾ ಹೋಗುತ್ತಾನೆ. ಕೈ ಏಳುವ ಮೊದಲೇ ಅವನು ಹಗ್ಗ ಎಳೆದರೆ ತಂಡ ಪಂದ್ಯದಿಂದಲೇ ಹೊರಗೆ. ಕೆಸ್ಟ್ರೆಲ್ ಬೇ ಈ ಪಂದ್ಯದಲ್ಲಿ ಐದು ಸಲ ಎರಡನೆಯದಾಗಿ ಬಂದಿತ್ತು. ಒಂದು ಸಲ ಈಜುಗಾರ ಪೀಪಾಯಿಗೆ ನಾಲ್ಕು ಗಜ ದೂರದಲ್ಲಿದ್ದಾಗ ಶಾರ್ಕ್ ಬಂತೆಂದು ಗಂಟೆ ಹೊಡೆದು ಪಂದ್ಯವನ್ನೇ ರದ್ದು ಮಾಡಿದ್ದರು. ಉತ್ತರದ ವಾರ್ಟನ್ ಸ್ಯಾಂಡ್ಸ್ ಕ್ಲಬ್ಬಿನವರು ಇವರನ್ನು ಕರೆಯುತ್ತಿದ್ದದ್ದೇ 'ಸೆಕೆಂಡ್ ಬೇ' ಎಂದು.

1954ರಲ್ಲಿ ಊರಿಗೆ ಲ್ಯಾನ್ಸ್ ಬಕ್ಲಿ ಸಿಕ್ಕಿದ. ನೆವಿಲ್‌ನ ಹೆಂಡತಿ ಎಡ್ನಾಳ ತಮ್ಮ. ಇಪ್ಪತ್ತೆರಡು ವರ್ಷ, ಗಣಿಯಲ್ಲಿ ಕಲ್ಲಿದ್ದಲು ತುಂಬುವವನು, ನೀರಿಗಿಳಿದರೆ ಮೀನು. ಆ ವರ್ಷದ ರಾಜ್ಯ ಪಂದ್ಯದ ಕೊನೆಯ ಸುತ್ತಿನಲ್ಲಿ ಅವನು ಎರಡನೇ ಸಾಲಿನ ಅಲೆ ದಾಟುವಾಗಲೇ ಎಲ್ಲರಿಗಿಂತ ಆರೇಳು ಗಜ ಮುಂದಿದ್ದ. ದಡದಲ್ಲಿ ಊರಿಗೆ ಊರೇ ಕಿರುಚುತ್ತಿತ್ತು.

ಪೀಪಾಯಿಗೆ ಇಪ್ಪತ್ತು ಗಜ ಇದ್ದಾಗ ನೆವಿಲ್‌ನ ಬೆರಳುಗಳ ನಡುವೆ ಹಗ್ಗ ನಿಂತಿತು.

ಈಜುವವನ ಹಗ್ಗಕ್ಕೊಂದು ಮಿಡಿತ ಇರುತ್ತದೆ, ತೋಳು ಬೀಸಿದಂತೆಲ್ಲ ಎಳೆದು ಸಡಿಲಿಸುವ ಮಿಡಿತ. ಅದು ಹೋಗಿತ್ತು. ಹಗ್ಗ ಬಲಕ್ಕೆ ಬಾಗಿ ಸಡಿಲವಾಗಿ ಇಳಿಬಿತ್ತು. ನೆವಿಲ್ ಒಂದು ಎಣಿಸಿದ, ಎರಡು ಎಣಿಸಿದ. ಅಲೆಯ ನೆತ್ತಿ ಅಡ್ಡ ಬಂದು ಲ್ಯಾನ್ಸ್‌ನ ತಲೆ ಕಾಣಲಿಲ್ಲ. ಮೂರು, ನಾಲ್ಕು. ಐದಕ್ಕೆ ಅವನು ಎಳೆದ.

ಹೊರಬಂದ ಲ್ಯಾನ್ಸ್‌ನ ಮುಖ ಸಿಟ್ಟಿಗೆ ಕೆಂಪೇರಿತ್ತು.

"ಏನ್ ಭಾವ ಇದು! ಯಾಕ್ ಎಳ್ದೆ? ಹೇಳು, ಯಾಕ್ ಎಳ್ದೆ?"

"ಹಗ್ಗ ನಿಂತೋಯ್ತು ಕಣೋ. ನೀನ್ ಕಾಣ್ಲಿಲ್ಲ."

"ಪಾಚಿ ಸಿಕ್ಕಿತ್ತು, ಕಿತ್ತು ಬಿಸಾಕ್ತಿದ್ದೆ! ಇನ್ನ್ ಹತ್ತು ಬೀಸು ಹೊಡ್ದಿದ್ರೆ ಮುಗೀತಿತ್ತು!"

ಕ್ಲಬ್ಬಿನ ನಾಯಕ ಟೆಡ್ ಗ್ರೋವ್ ಅವರಿಬ್ಬರ ನಡುವೆ ನಿಂತ. ಮೂವತ್ತು ವರ್ಷದಿಂದ ಈ ಒಂದು ಗೆಲುವಿಗಾಗಿ ಕಾದವನು. ಬಯ್ಯಲಿಲ್ಲ. "ಹೋಗಿ ಬಟ್ಟೆ ಹಾಕ್ಕೊಳ್ರಪ್ಪಾ" ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ನೆವಿಲ್‌ಗೆ.

ಮರುದಿನ ಗಣಿಯಲ್ಲಿ ಪಾಳಿಗೆ ಇಳಿಯಲು ಬಂದವರು ಕೇಜಿನ ಹತ್ತಿರ ನಿಂತು ಕೂಗಿದರು: "ಲೋ ನೆವಿಲ್, ಗಂಟೆ ಹೊಡ್ಯೋ ತನ್ಕ ಕಾಯ್ತೀಯ ತಾನೆ? ಅರ್ಧ ದಾರೀಲಿ ವಾಪಸ್ ಎಳ್ಕೊಂಡ್‌ಬಿಟ್ಟೀಯ!" ಎಲ್ಲರೂ ನಕ್ಕರು. ನೆವಿಲ್ ಹಿಡಿ ಹಿಡಿದು ಗಂಟೆಗೆ ಕಾದ.

ಲ್ಯಾನ್ಸ್ ಅಕ್ಕನ ಮನೆಗೆ ಬರುವುದನ್ನು ನಿಲ್ಲಿಸಿದ. ಎಡ್ನಾಗೆ ಇಬ್ಬರ ಮೇಲೂ ಸಿಟ್ಟು.

"ನಿಜ ಹೇಳಿ" ಎಂದು ಗಂಡನನ್ನು ಕೇಳಿದಳು, "ಅವ್ನು ಮುಳುಗ್ತಿದ್ನಾ?"

"ಗೊತ್ತಿಲ್ಲ ಕಣೇ."

"ಗೊತ್ತಿಲ್ಲ ಅಂದ್ರೆ?"

"ಹಗ್ಗ ನಿಂತಿದ್ದು ಗೊತ್ತು. ಅದರಾಚೆಗಿಂದು ಗೊತ್ತಿಲ್ಲ."

ಹೆಂಡತಿಗೆ ಹೇಳದೆ ಉಳಿಸಿಕೊಂಡ ಮಾತೊಂದಿತ್ತು. ಆರು ಎಣಿಸಬಹುದಿತ್ತೇ? ಎಂಟು? ಸ್ನಾನ ಮಾಡುವಾಗ, ಬೂಟಿನ ದಾರ ಕಟ್ಟುವಾಗ ಅವನು ಮತ್ತೆ ಒಂದರಿಂದ ಎಣಿಸಿಕೊಂಡು ಬರುತ್ತಿದ್ದ, ಐದರ ಹತ್ತಿರ ಬಂದಾಗ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತಿದ್ದವು. ಮುಂದಿನ ಋತು ಶುರುವಾದಾಗ ಟೆಡ್ ಹಗ್ಗವನ್ನು ಕೀತ್ ಡರಮ್ ಎಂಬ ಶಾಲಾ ಮಾಸ್ತರನ ಕೈಗೆ ಕೊಟ್ಟ. "ಬೇಜಾರ್ ಮಾಡ್ಕೋಬೇಡ ನೆವಿಲ್, ಹುಡುಗ್ರು ಬೇರೆ ಕೈ ಕೇಳ್ತಿದಾರೆ" ಎಂದ. ನೆವಿಲ್ ಸರಿ ಎಂದ.

1955ರ ರಾಜ್ಯ ಪಂದ್ಯ ನಡೆದದ್ದು ವಾರ್ಟನ್ ಸ್ಯಾಂಡ್ಸ್‌ನಲ್ಲಿ. ಮೂರು ದಿನ ಪೂರ್ವದ ಗಾಳಿ ಬೀಸಿ ಕಡಲ ತಳವನ್ನೆಲ್ಲ ಕಲಕಿತ್ತು. ಅಲೆ ಮುರಿದಲ್ಲೆಲ್ಲ ಕಂದು ಪಾಚಿಯ ರಾಶಿ ಉರುಳುತ್ತಿತ್ತು. ಪಂದ್ಯ ಮುಂದೂಡಬೇಕೆಂದು ಒಂದಿಬ್ಬರು ಹೇಳಿದರು. ಜನ ಸೇರಿಯಾಗಿತ್ತು, ಬ್ಯಾಂಡು ಬಾರಿಸಿಯಾಗಿತ್ತು, ಯಾರೂ ಕೇಳಲಿಲ್ಲ. ನೆವಿಲ್ ಎಡ್ನಾಳ ಜೊತೆ ಜನರ ನಡುವೆ ಮರಳಿನ ಮೇಲೆ ನಿಂತಿದ್ದ. ಲ್ಯಾನ್ಸ್ ಎದುರಿಗೇ ಪಟ್ಟಿ ಬಿಗಿದುಕೊಂಡು ಹಾದುಹೋದರೂ ಇತ್ತ ನೋಡಲಿಲ್ಲ.

ಗುಂಡು ಹಾರಿತು. ಹನ್ನೆರಡು ಮಂದಿ ನೀರಿಗೆ ಬಿದ್ದರು. ಲ್ಯಾನ್ಸ್ ಈ ಸಲವೂ ಮುಂದೆ, ಅವನ ಪಕ್ಕದಲ್ಲೇ ವಾರ್ಟನ್‌ನವನು. ನೆವಿಲ್ ಈಜುಗಾರರನ್ನು ನೋಡುತ್ತಲೇ ಇರಲಿಲ್ಲ, ಅವನ ಕಣ್ಣು ಹಗ್ಗದ ಮೇಲಿತ್ತು. ಕೀತ್ ಚೆನ್ನಾಗಿಯೇ ಹಿಡಿದಿದ್ದ. ಆದರೂ ಅಲೆಗಳ ಆಚೆ ಹಗ್ಗ ಮೆಲ್ಲಗೆ ಬಿಲ್ಲಿನಂತೆ ಬಾಗುತ್ತಿತ್ತು. ಬಾಗಿದಲ್ಲಿ ಪಾಚಿ ಮೆತ್ತಿಕೊಳ್ಳುತ್ತಿತ್ತು. ಪೀಪಾಯಿಗೆ ಮೂವತ್ತು ಗಜ ಇರುವಾಗ ಲ್ಯಾನ್ಸ್‌ನ ತೋಳು ಒಂದು ಸಲ ಮೇಲೆದ್ದು ಹಿಂದಕ್ಕೆ ಬಿತ್ತು. ಮತ್ತೆ ಏಳಲಿಲ್ಲ.

"ಎಡ್ನಾ, ನನ್ ಕೋಟು ಹಿಡ್ಕೋ."

"ಏನಾಯ್ತು? ಏನ್ರೀ ಆಯ್ತು?"

ಅವನು ಆಗಲೇ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದಡಿ ನುಸುಳಿ ಓಡುತ್ತಿದ್ದ. "ಕೀತ್! ಅವ್ನು ಮುಳುಗಿದಾನೆ!"

"ಕೈ ಎತ್ಲಿ, ತಾಳು!" ಟೆಡ್ ಹಿಂದಿನಿಂದ ಅರಚಿದ. "ಲೋ ನೆವಿಲ್, ಈ ವರ್ಷಾನೂ ಹಾಳ್ ಮಾಡ್ಬೇಡ! ಕೀತ್, ಮುಟ್‌ಬೇಡ ಹಗ್ಗ!"

ಕೀತ್ ಅತ್ತ ಟೆಡ್‌ನನ್ನು ನೋಡಿದ, ಇತ್ತ ಕಡಲನ್ನು ನೋಡಿದ. ನಾಲ್ಕೈದು ಕ್ಷಣ ಹಾಗೇ ಕಳೆದವು. ಆಮೇಲೆ ಅವನಿಗೆ ಇದ್ದಕ್ಕಿದ್ದಂತೆ ದಿಗಿಲು ಹತ್ತಿ, ಎರಡು ಕೈಯಿಂದ ಬಲವಾಗಿ ಎಳೆಯತೊಡಗಿದ. ರಾಟೆಯವರೂ ಓಡಿಬಂದು ಕೈಜೋಡಿಸಿದರು.

"ಎಳೀಬೇಡ್ರೋ!" ನೆವಿಲ್ ಹಗ್ಗದ ಮೇಲೆ ಬಿದ್ದು ಅದನ್ನು ಎದೆಗೆ ಅವುಚಿಕೊಂಡ. "ಎಳುದ್ರೆ ಪಾಚಿ ಸಮೇತ ತಳಕ್ಕೆ ಹೋಗ್ತಾನೆ! ಬಿಡಿ, ಸಡ್ಲ ಬಿಡಿ!"

"ಹೋದ ವರ್ಷ ಎಳ್ದಿದ್ದು ನೀನೇ ಅಲ್ವೇನೋ!" ಯಾರೋ ಕಿರುಚಿದರು.

"ಆಗ ಹಗುರ ಇತ್ತು! ಈಗ ಅರ್ಧ ಟನ್ ಭಾರ ಇದೆ, ಹಿಡ್ದು ನೋಡು! ಯಾರ್ ಹತ್ರಾನಾದ್ರೂ ಚಾಕು ಇದ್ಯಾ?"

ದೋಣಿಯವನೊಬ್ಬ ತನ್ನ ಚಾಕು ಎಸೆದ. ನೆವಿಲ್ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಪ್ಯಾಂಟು ಬನಿಯನ್ನಿನಲ್ಲೇ ನೀರಿಗೆ ಹಾರಿದ. ಆಗ ಅವನಿಗೆ ನಲವತ್ತೊಂದು. ಕೈಯಿಂದ ಕೈಗೆ ಹಗ್ಗವನ್ನೇ ಹಿಡಿದುಕೊಂಡು ಸಾಗಿದ. ಮೊದಲ ಅಲೆ ತಲೆಯ ಮೇಲೆ ಮುರಿಯಿತು. ಎರಡನೆಯದು ಅವನನ್ನು ಹಗ್ಗದ ಸಮೇತ ಹಿಂದಕ್ಕೆ ಉರುಳಿಸಿತು. ಪಾಚಿ ಶುರುವಾದಲ್ಲಿಂದ ಹಗ್ಗ ತೊಡೆಯಷ್ಟು ದಪ್ಪವಾಗಿ ಜಾರುತ್ತಿತ್ತು, ಹಿಡಿಗೆ ಸಿಗಲಿಲ್ಲ. ಉಸಿರು ಕಟ್ಟಿ ಎದೆ ಉರಿಯತೊಡಗಿತು. ಹಗ್ಗ ಬಿಟ್ಟು ಈಜಿದ. ಲ್ಯಾನ್ಸ್ ಕಂಡದ್ದು ನೀರಿನ ಮೇಲಲ್ಲ, ಒಂದು ಮಾರು ಕೆಳಗೆ, ಕಂದು ರಾಶಿಯಲ್ಲಿ ಅಲುಗುವ ಬಿಳಿ ಬೆನ್ನಾಗಿ. ನೆವಿಲ್ ಮುಳುಗಿ ಪಟ್ಟಿಯ ಹಿಂದೆ ಹಗ್ಗವನ್ನು ತಡಕಿ ಹಿಡಿದ. ಮೊದಲ ಸಲ ಚಾಕು ಜಾರಿ ತನ್ನ ಹೆಬ್ಬೆರಳನ್ನೇ ಕೊಯ್ದುಕೊಂಡ. ಎರಡನೇ ಸಲಕ್ಕೆ ಹಗ್ಗ ಹರಿಯಿತು. ಲ್ಯಾನ್ಸ್ ಮರದ ತುಂಡಿನಂತೆ ಮೇಲಕ್ಕೆ ತೇಲಿದ.

ಅಷ್ಟರಲ್ಲಿ ವಾರ್ಟನ್‌ನವರ ದೋಣಿ ಬಂತು. ಇಬ್ಬರನ್ನೂ ಎಳೆದು ಹಾಕಿಕೊಂಡಿತು.

ಮರಳಿನ ಮೇಲೆ ಲ್ಯಾನ್ಸ್‌ನನ್ನು ಬೋರಲು ಮಲಗಿಸಿದರು. ತುಟಿ ನೀಲಿಯಾಗಿತ್ತು. ಬೆನ್ನ ಮೇಲೆ ಒತ್ತಿ, ತೋಳು ಎತ್ತಿ ಉಸಿರು ತರಿಸುವ ಕ್ರಮವನ್ನು ಕ್ಲಬ್ಬಿನವರೆಲ್ಲ ಪದಕಕ್ಕಾಗಿ ನೂರಾರು ಸಲ ಮಾಡಿದ್ದರು, ಅದಕ್ಕೆ ಅಂಕವೂ ಸಿಗುತ್ತಿತ್ತು. ಟೆಡ್ ತಾನೇ ಮಂಡಿಯೂರಿದ. ಒತ್ತು, ಎತ್ತು. ಒತ್ತು, ಎತ್ತು. ಎಡ್ನಾ ತಮ್ಮನ ಪಾದ ಹಿಡಿದು ಕುಳಿತಿದ್ದಳು. ಎರಡು ನಿಮಿಷ ಆಯಿತು. ಮೂರಾಯಿತು. ಟೆಡ್‌ನ ಒತ್ತು ನಿಧಾನವಾಗತೊಡಗಿತು.

"ಸರ್ಕೋ, ನಾನ್ ಮಾಡ್ತೀನಿ" ಎಂದ ಕೀತ್.

"ನಿಲ್ಲಿಸ್‌ಬೇಡ, ಲೆಕ್ಕ ತಪ್ಪುತ್ತೆ" ಎಂದ ನೆವಿಲ್, ಪಕ್ಕದಲ್ಲಿ ಸುಸ್ತಾಗಿ ಮಲಗಿದಲ್ಲಿಂದಲೇ. "ಟೆಡ್, ಒತ್ತು."

ಐದನೇ ನಿಮಿಷಕ್ಕೆ ಲ್ಯಾನ್ಸ್‌ನ ಬಾಯಿಂದ ನೀರು ಬಂತು, ಆಮೇಲೆ ಕೆಮ್ಮು ಬಂತು. ಟೆಡ್ ಹಾಗೇ ಮರಳಿನ ಮೇಲೆ ಕುಸಿದು ಅತ್ತುಬಿಟ್ಟ. ಪಂದ್ಯವನ್ನು ವಾರ್ಟನ್ ಸ್ಯಾಂಡ್ಸ್ ಗೆದ್ದಿತ್ತು. ಆ ಸಂಜೆ ಆ ಮಾತನ್ನು ಯಾರೂ ಎತ್ತಲಿಲ್ಲ, ಗೆದ್ದವರೂ ಎತ್ತಲಿಲ್ಲ.

ನಾಲ್ಕನೇ ದಿನ ಆಸ್ಪತ್ರೆಯಲ್ಲಿ ಲ್ಯಾನ್ಸ್ ದಿಂಬಿಗೆ ಒರಗಿ ಕೂತಿದ್ದ. ನೆವಿಲ್ ಕಟ್ಟು ಕಟ್ಟಿದ ಹೆಬ್ಬೆರಳು ಮುಂದಿಟ್ಟುಕೊಂಡು ಪಕ್ಕದ ಕುರ್ಚಿಯಲ್ಲಿ ಕುಳಿತ.

"ಭಾವ, ಒಂದ್ ಹೇಳ್ಬೇಕು" ಎಂದ ಲ್ಯಾನ್ಸ್, ಒಡೆದ ದನಿಯಲ್ಲಿ. "ಹೋದ ವರ್ಷ ನಾನ್ ಚೆನ್ನಾಗೇ ಇದ್ದೆ. ಅದು ಸುಳ್ಳಲ್ಲ."

"ಇರ್ಬೋದು."

"ನೀನ್ ಎಳ್ದಿದ್ದು ತಪ್ಪೇ."

"ಇರ್ಬೋದು ಅಂದ್ನಲ್ಲ."

"ಆದ್ರೂ ಅವತ್ ನಾನ್ ಆಡಿದ್ ಮಾತು..." ಲ್ಯಾನ್ಸ್ ಕಿಟಕಿಯತ್ತ ತಿರುಗಿದ. "ಮನಸ್ನಲ್ಲಿ ಇಟ್ಕೋಬೇಡ."

"ನೀನ್ ಮೊದ್ಲು ಸೂಪ್ ಕುಡಿ. ನಿಮ್ಮಕ್ಕ ಬಂದ್ರೆ ನಂಗ್ ಬಯ್ತಾಳೆ."

ಲ್ಯಾನ್ಸ್ ಮತ್ತೆಂದೂ ಪಟ್ಟಿ ಕಟ್ಟಲಿಲ್ಲ. ದೋಣಿ ತಂಡ ಸೇರಿದ, ಮದುವೆಯಾಗುವವರೆಗೂ ಅಲ್ಲಿ ಹುಟ್ಟು ಹಾಕಿದ. ಎರಡು ವರ್ಷದೊಳಗೆ, ಈಜುವವನು ತಾನೇ ಎಳೆದು ಬಿಚ್ಚಿಕೊಳ್ಳಬಹುದಾದ ಪಿನ್ನಿರುವ ಪಟ್ಟಿಯನ್ನು ಕ್ಲಬ್ಬು ತರಿಸಿತು. ಅದಕ್ಕಾಗಿ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಜಗಳವಾಡಿದ್ದು ಟೆಡ್. ಹಗ್ಗವನ್ನು ಮತ್ತೆ ಹಿಡಿಯಬೇಕೆಂದು ಅವನೇ ನೆವಿಲ್‌ನ ಮನೆಗೆ ಬಂದು ಕೇಳಿದ. ನೆವಿಲ್ ಒಂದು ಷರತ್ತು ಹಾಕಿದ: ಕೀತ್ ಪಕ್ಕದಲ್ಲಿ ನಿಲ್ಲಬೇಕು, ಕಲಿಯಬೇಕು. 1959ರಲ್ಲಿ ಬೇಕರಿಯವರ ಮಗನೊಬ್ಬ ವಾರ್ಟನ್‌ನವನಿಗಿಂತ ಅರ್ಧ ಗಜ ಮೊದಲು ಪೀಪಾಯಿ ಮುಟ್ಟಿ ಕೈ ಎತ್ತಿದ. ಆಗ ಹಗ್ಗ ಹಿಡಿದಿದ್ದವನು ಕೀತ್. ನೆವಿಲ್ ಅವನ ಹಿಂದೆ, ಮೊಣಕಾಲು ಮುಳುಗದ ನೀರಿನಲ್ಲಿ, ಎರಡೂ ಕೈ ಬಗಲಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ.

ಆಮೇಲಿನ ವರ್ಷಗಳಲ್ಲಿ ಕರಾವಳಿಯ ಬೇರೆ ಕ್ಲಬ್ಬುಗಳವರೂ ಅವನನ್ನು ಕರೆಸಿಕೊಳ್ಳುತ್ತಿದ್ದರು, ವಾರ್ಟನ್ ಸ್ಯಾಂಡ್ಸ್‌ನವರು ಸಹ. ಹೊಸಬರ ಕೈಗೆ ಹಗ್ಗ ಕೊಟ್ಟು, ಕಣ್ಣು ಮುಚ್ಚಿಸಿ, ನೀರಿನಲ್ಲಿರುವವನು ಈಜುತ್ತಿದ್ದಾನೋ ನಿಂತಿದ್ದಾನೋ ಹೇಳಿಸುತ್ತಿದ್ದ. ಎಷ್ಟು ಎಣಿಸಿ ಎಳೆಯಬೇಕು ಸಾರ್ ಎಂದು ಪ್ರತಿ ಊರಿನಲ್ಲೂ ಯಾರಾದರೊಬ್ಬರು ಕೇಳುತ್ತಿದ್ದರು. ಅದಕ್ಕೆ ಮಾತ್ರ ಅವನು ಎಂದೂ ಒಂದು ಅಂಕಿ ಹೇಳಲಿಲ್ಲ.