ತಾವಾಗಿಯೇ ಹೋದವರು

ಅಣ್ಣ ತಾಂಡೂರಿನ ಕಲ್ಲುಗಣಿಯಲ್ಲಿ ಚಪ್ಪಡಿ ಎಬ್ಬಿಸುವ ಕೆಲಸ ಮಾಡುತ್ತಿದ್ದ. ಚೀನಾ ಗಡಿಯಲ್ಲಿ ಲಡಾಯಿ ಸುರುವಾದ ವರ್ಷ, ಅವನ ಜೊತೆಗಾರನೊಬ್ಬ ಅಣ್ಣನ ಹಾಸಿಗೆಯ ಸುರುಳಿ ಹೊತ್ತುಕೊಂಡು ಮೊಗುಡಂಪಲ್ಲಿ ಹತ್ತಿರದ ನಮ್ಮ ಮನೆಗೆ ಬಂದ.

"ಫೌಜಿಗಿ ಹೋಗ್ಯಾನರಿ," ಎಂದ.

ಹಂಚಿನ ಮೇಲಿದ್ದ ರೊಟ್ಟಿ ಕರಿದಾಗುವವರೆಗೂ ಅವ್ವ ಅಲ್ಲಾಡಲಿಲ್ಲ. ಅಣ್ಣನನ್ನು ಯಾರೂ ಎಳೆದೊಯ್ದಿರಲಿಲ್ಲ, ತಾನಾಗಿಯೇ ಹೋಗಿದ್ದ. ಅದು ನಮಗೆ ಅರ್ಥವೇ ಆಗಲಿಲ್ಲ.

ತರಬೇತಿ ಮುಗಿಯುವ ಹೊತ್ತಿಗೆ ಲಡಾಯಿ ನಿಂತಿತ್ತಂತೆ. ಆದರೂ ಹಿಮದ ಗಡಿ ಕಾಯಲು ಕಳಿಸಿದರು. ಎರಡು ವರ್ಷದ ಮೇಲೆ ಊರಿಗೆ ಬಂದಾಗ, ಪಟೇಲರು ತಮ್ಮ ಕಟ್ಟೆಯ ಮೇಲೆ ಅವನಿಗೆ ಕುರ್ಚಿ ಹಾಕಿಸಿದರು. ನಮ್ಮ ಕೇರಿಯ ಯಾರೂ ಅಲ್ಲಿಯವರೆಗೆ ಆ ಕಟ್ಟೆ ಹತ್ತಿದವರಲ್ಲ. ಇನ್ನೂ ಶಾಲೆಗೆ ಹೋಗುತ್ತಿದ್ದ ನನ್ನ ತಮ್ಮ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಮನೆಗೆ ಬಂದ ಮೇಲೆ ಅಣ್ಣ ಬೂಟು ಬಿಚ್ಚಲೊಲ್ಲ. ಕಾಲು ತೊಳೆಯಲು ನೀರು ತಂದಿದ್ದ ಅವ್ವ ತಾನೇ ಕುಳಿತು ಬೂಟು ಎಳೆದಳು. ಎರಡೂ ಪಾದಗಳಲ್ಲಿ ಒಂದು ಬೆರಳೂ ಇರಲಿಲ್ಲ.

"ಗುಂಡು ಬಡೀತೇನೋ?" ಎಂದಳು ಅವ್ವ.

"ಗುಂಡಿನ ಸಪ್ಪಳ ಸೈತ ಕೇಳಿಲ್ಲಬೇ. ಬರ್ಫಿನಾಗ, ಆ ಥಂಡಿಗಿ, ಬೆರಳೆಲ್ಲ ಕರ್ರಗಾದವು. ಡಾಕ್ಟರ ಕಡದು ತಗದ."

"ಆ ಬರ್ಫಿನ ಊರಾಗ ನಮ್ಮವ್ರು ಯಾರದಾರಂತ ಹೋದಿ?"

ಅಣ್ಣ ಪಾದಗಳನ್ನು ಹಿಂದಕ್ಕೆ ಎಳೆದುಕೊಂಡ.

"ಜಹೀರಾಬಾದಿಗಿ ಭರ್ತಿ ಮಾಡಾಕ ಬಂದ ಸಾಹೇಬ ಎಲ್ಲಿಯವ ಅಂದ. ಮೊದಲು ಬೀದರ ಜಿಲ್ಲಾ, ಈಗ ಆಂಧ್ರ ಆಗ್ಯಾದ, ಮನ್ಯಾಗ ಕನ್ನಡ ಅಂದೆ. ಇನ್ನ ಯಾವ ಓಣಿ ಅಂತ ಕೇಳ್ತಾನಂತ ಕಾಯ್ದೆ. ಕೇಳಲಿಲ್ಲ. ಎದಿ ಅಳದು, ಒಳಗ ನಡಿ ಅಂದ. ಹೋದೆ."

ನಮ್ಮಲ್ಲಿ ಓಣಿ ಕೇಳುವುದೆಂದರೆ ಜಾತಿ ಕೇಳುವುದು.

ಮುಂದೆ ದಿನಾ ಸಂಜೆ ಆ ಪಾದಗಳಿಗೆ ಎಣ್ಣೆ ತಿಕ್ಕುತ್ತಿದ್ದವನು ತಮ್ಮ. ನಾರಾಯಣಖೇಡದಲ್ಲಿ ಹತ್ತನೆಯ ಇಯತ್ತೆ ಮುಗಿಸಿದವನು ಒಂದು ದಿನ ಊಟದ ನಡುವೆ, "ನಾನೂ ಭರ್ತಿ ಆಗೀನಿ," ಎಂದ. ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡೆ.

"ಈ ಕಾಲು ನೋಡಿ ಸೈತ?" ಎಂದೆ.

"ಕಟ್ಟಿ ಮ್ಯಾಗಿನ ಕುರ್ಚಿನೂ ನೋಡೀನಿ, ಅಕ್ಕಾ."

ಎಂದೂ ಕೈ ಎತ್ತದ ಅಣ್ಣ ಅವನ ಕಪಾಳಕ್ಕೆ ಹೊಡೆದ. ತಮ್ಮ, ತಲೆ ತಗ್ಗಿಸಿ, ಗಂಗಾಳದಲ್ಲಿದ್ದುದನ್ನು ಉಂಡು ಮುಗಿಸಿದ. ಮರುದಿನ ಹೊರಟುಹೋದ. ಮುಂದೆ ಪೂರ್ವ ಬಂಗಾಲದ ಲಡಾಯಿಯಿಂದ ಅವನು ಮರಳಲಿಲ್ಲ.

ಅವನ ಟ್ರಂಕು ತಂದುಕೊಟ್ಟವನು ಅದೇ ಪಲ್ಟನ್ನಿನ, ಉತ್ತರದ ಕಡೆಯ ಹುಡುಗ. ತಮ್ಮ ಹೇಗೆ ಸತ್ತನೆಂದು ಹೇಳಲು ಸಿದ್ಧನಾಗಿಯೇ ಬಂದಿದ್ದ. ಅವ್ವ ಅದನ್ನು ಕೇಳಲಿಲ್ಲ. ತನ್ನ ಹರಕುಮುರುಕು ಉರ್ದುವಿನಲ್ಲಿ, "ನೀ ಯಾಕ ಫೌಜಿಗಿ ಹೋದಿ?" ಎಂದಳು. ಹುಡುಗ ತಬ್ಬಿಬ್ಬಾದ. ಊರಿನ ಗೆಳೆಯರೆಲ್ಲ ಹೊರಟಿದ್ದರು, ಹಿಂದೆ ಉಳಿಯಲು ನಾಚಿಕೆಯಾಯಿತು, ಮನೆಯಲ್ಲಿ ಹೇಳದೆ ಬಂದೆ ಎಂದ.

"ನಿಮ್ಮವ್ವ ಅದಾಳೇನು?"

ಇದ್ದಾಳೆಂದು ತಲೆಯಾಡಿಸಿದ.

"ಲಡಾಯಿ ಆದ ಮ್ಯಾಲ ಆಕಿಗಿ ಮಾರಿ ತೋರಿಸಿದ್ಯೇನು?"

ಇನ್ನೂ ಇಲ್ಲವೆಂದ. ಅವ್ವ ಎದ್ದು ಅವನ ಟೋಪಿಯನ್ನು ಕೈಗಿತ್ತಳು. "ನಮ್ಮ ಮನ್ಯಾಗ ಕೂಡಬ್ಯಾಡ," ಎಂದಳು. "ಮೊದಲು ಆಕಿ ಕಡಿ ಹೋಗು."