ನಾಲ್ಕು ಉಗುರು ಎಣಿಸಿದವಳು

ಬ್ರಷ್ಷಕ್ಕ ಬುಧವಾರ ಬೆಳಿಗ್ಗೆ ಸತ್ತಳು. ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಎದೆ ಹಿಡಿದುಕೊಂಡು ಕುಳಿತಳಂತೆ. ಮಗಳು ನೀರು ತರುವಷ್ಟರಲ್ಲಿ ಮುಗಿದಿತ್ತು. ಐವತ್ತೆಂಟು ವರ್ಷ.

ಶನಿವಾರದ ಪತ್ರಿಕೆಯಲ್ಲಿ ಅಪರೂಪದ ಹೊಳೆಯಾಮೆಯ ಚಿತ್ರ ಬಂತು. ಅದನ್ನು ಎತ್ತಿ ಹಿಡಿದು ನಗುತ್ತಿದ್ದವರು ವನ್ಯಜೀವಿ ರಕ್ಷಣಾ ಕೇಂದ್ರದ ಡಾಕ್ಟರು. ನಮ್ಮ ತಜ್ಞರ ತಂಡ ಗುರುತಿಸಿತು ಎಂದಿದ್ದಾರೆ. ತಂಡವಂತೆ. ಆ ತಂಡದ ಬಳಿ ಇದ್ದದ್ದು ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು. ಅದನ್ನು ಹಿಡಿದ ಕೈ ಈಗಿಲ್ಲ.

ಇಪ್ಪತ್ತೆರಡು ವರ್ಷ ಅವಳು ಅಲ್ಲಿ ತೊಟ್ಟಿ ತೊಳೆದಳು. ಬಂದ ಪ್ರತಿ ಆಮೆಯನ್ನೂ ಮಡಿಲಲ್ಲಿಟ್ಟುಕೊಂಡು ಬೆರಳ ಸಂದಿಯ ಕೆಸರನ್ನು ಬ್ರಷ್ಷಿನಿಂದ ತೆಗೆಯುತ್ತಿದ್ದಳು; ಹೆಸರು ಬಂದದ್ದು ಹಾಗೆ. ಮಗಳಿಗೂ ಇಷ್ಟು ಉಪಚಾರ ಮಾಡಿದ್ದೀಯಾ ಎಂದು ರೇಗಿಸಿದರೆ, ಆಮೆ ಕಚ್ಚಿದರೂ ಎದುರುತ್ತರ ಕೊಡುವುದಿಲ್ಲ ಅನ್ನುತ್ತಿದ್ದಳು.

ಆ ಕೇಂದ್ರದ ಕ್ರಮವೇ ಬೇರೆ. ತೊಳೆಯುವ ಮೊದಲೇ ಮೇಲಿನಿಂದ ಫೋಟೊ ತೆಗೆದು, ಗೋಡೆಯ ಪಟಕ್ಕೆ ಹೋಲಿಸಿ ಹೆಸರು ಬರೆಯುವುದು. ಪಟದಲ್ಲಿರುವುದು ಬರೀ ಬೆನ್ನುಗಳು. ಸೋಮವಾರ ಯಾರೋ ಮೀನಿನ ಬಲೆಯಿಂದ ಬಿಡಿಸಿ ತಂದ ಆ ಆಮೆಯ ಬೆನ್ನ ಮೇಲೆ ಬೆರಳು ದಪ್ಪ ಪಾಚಿ. ಡಾಕ್ಟರು ನೋಡಿದ್ದು ಪಾಚಿಯನ್ನು. ಬರೆದದ್ದು ಸಾಮಾನ್ಯ ಕೆರೆಯಾಮೆ ಎಂದು. ಬುಧವಾರ ಊರ ಕೆರೆಗೆ ಬಿಡುವಂತೆ ಆದೇಶವೂ ಆಯಿತು. ಹರಿಯುವ ನೀರಿನ ಜೀವ ಆ ನಿಂತ ಕೊಳೆನೀರಿನಲ್ಲಿ ಎಷ್ಟು ದಿನ ಬಾಳೀತು?

ತೊಳೆಯುವಾಗ ಅವಳಿಗೆ ಒಂದೊಂದು ಮುಂಗಾಲಲ್ಲೂ ನಾಲ್ಕೇ ಉಗುರು ಕಂಡವು. ಕೆರೆಯಾಮೆಗೆ ಐದು. ಹೋಗಿ ಹೇಳಿದಳು. ಒಂದು ಉದುರಿರಬೇಕು ಅಂದರು ಡಾಕ್ಟರು.

"ಎರಡೂ ಕಾಲಲ್ಲಿ ಒಂದೇ ಜಾಗದ್ದು ಉದುರುತ್ತಾ ಸಾರ್? ಗಾಯದ ಗುರುತೂ ಇಲ್ಲ."

"ನೀನು ತೊಟ್ಟಿ ತೊಳಿಯಮ್ಮ. ಉಗುರು ಎಣಿಸೋಕೆ ನಾವಿದ್ದೀವಿ."

ಸುತ್ತಲಿದ್ದವರು ನಕ್ಕರಂತೆ. ಬಡವರ ಕೋಪ ದವಡೆಗೆ ಮೂಲ. ಅವಳು ಹಲ್ಲು ಕಚ್ಚಿಕೊಂಡು ಮಂಗಳವಾರ ಮಧ್ಯಾಹ್ನ ನಾನಿರುವ ಗ್ರಂಥಾಲಯಕ್ಕೆ ಬಂದಳು. ಆಮೆಯ ಮುಂಗಾಲಿನ ಎರಡೂ ಪಾದಗಳನ್ನು ಮೊಹರಿನ ಶಾಯಿಗೆ ಅದ್ದಿ ಕಾಗದದ ಮೇಲೆ ಒತ್ತಿ ತಂದಿದ್ದಳು. ಆಮೆಗಳನ್ನೇ ಓದಿಕೊಂಡ ಒಬ್ಬ ಪ್ರೊಫೆಸರರಿಗೆ ಆ ಅಚ್ಚಿನ ಫೋಟೊ ಕಳಿಸಿದೆ. ಇದು ಹೊಳೆಯಾಮೆ, ಬಹಳ ಅಪರೂಪದ್ದು, ಕೆರೆಗೆ ಬಿಡಬೇಡಿ ಎಂಬ ಉತ್ತರ ಬಂದದ್ದು ಗುರುವಾರ. ನೋಡಲು ಅವಳಿರಲಿಲ್ಲ. ಅದನ್ನು ಡಾಕ್ಟರ ಮೇಜಿನ ಮೇಲಿಟ್ಟವನು ನಾನೇ. ಅವರು ಓದಿ, ಪತ್ರಿಕೆಯವರನ್ನು ಕರೆಸಿದರು.

ಬುಧವಾರವೇ ಹೋಗಬೇಕಿದ್ದ ಆಮೆ ಗುರುವಾರದವರೆಗೆ ಹೇಗೆ ಉಳಿಯಿತೆಂದು ಒಬ್ಬರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಭೇದಿಯಾದ ಪ್ರಾಣಿಯನ್ನು ಹತ್ತು ದಿನ ಹೊರಗೆ ಒಯ್ಯಬಾರದು ಎಂಬುದು ಡಾಕ್ಟರೇ ಮಾಡಿದ ನಿಯಮ. ಮಂಗಳವಾರ ಸಂಜೆ ಬೀಗ ಹಾಕುವ ಹೊತ್ತಿಗೆ, ಆ ಕೇಂದ್ರದಲ್ಲಿ ಒಂದು ದಿನವೂ ಸುಳ್ಳು ಹೇಳದಿದ್ದ ಬ್ರಷ್ಷಕ್ಕ ಆಮೆಯನ್ನು ರೋಗದ ಕೋಣೆಗೆ ಹೊತ್ತೊಯ್ದಳು. ಅದರ ತೊಟ್ಟಿಗೆ ನೀರು ಹರಿಯುವಂತೆ ಪಂಪು ಹಾಕಿ, ಬಾಗಿಲಿಗೆ ತನ್ನ ಕೈಬರಹದ ಚೀಟಿ ಅಂಟಿಸಿದಳು: "ಭೇದಿ. ಮುಟ್ಟಬೇಡಿ."