ಬಸ್ಸಿನ ನೈಋತ್ಯ ಮೂಲೆ

"ಮಲಗೋ ಟಿಕೆಟ್ ಎಷ್ಟಮ್ಮ?"

ದಿಬ್ಬೂರಹಳ್ಳಿಯ ಹತ್ತಿರ ನಮ್ಮ ಬಸ್ ಹತ್ತಿದ ತಾತ ಕೇಳಿದ ಮೊದಲ ಪ್ರಶ್ನೆ ಇದು. ಹೆಗಲ ಮೇಲೆ ರೇಷ್ಮೆಗೂಡಿನ ಚೀಲ, ಬಾಯಿ ತುಂಬ ಎಲೆಅಡಿಕೆ. ಒಳಗೆ ಸೀಟುಗಳಿರಬೇಕಾದ ಜಾಗದಲ್ಲಿ ಮಂಚ, ಗ್ಯಾಸ್ ಒಲೆ, ಕಬ್ಬಿಣದ ಬೀರು, ಮಂಚದ ಮೇಲೆ ಕಾಲು ಚಾಚಿ ಕೂತ ನಮ್ಮ ಅತ್ತೆ. ಇಷ್ಟನ್ನೂ ನೋಡಿ ಆತನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಪ್ರೈವೇಟ್ ಬಸ್ಸಿನವರು ಈಗೀಗ ಏನು ಬೇಕಾದರೂ ಮಾಡುತ್ತಾರೆ ಅಂದುಕೊಂಡಿರಬೇಕು.

"ಇದು ಬಸ್ಸಲ್ಲ ತಾತ, ನಮ್ಮನೆ" ಎಂದೆ.

"ಆಗ್ಲಿ ಬುಡಮ್ಮ. ಮನೆ ಶಿಡ್ಲಘಟ್ಟಕ್ಕೆ ಹೋಗ್ತದಾ?"

ಹೋಗುತ್ತಿತ್ತು. ಆದರೆ ಹೇಗೆ ಹೋಗುತ್ತಿತ್ತು ಅನ್ನುವುದೇ ಪ್ರಶ್ನೆ. ತಾತ ಕೈ ಅಡ್ಡ ಹಾಕಿದ್ದನ್ನು ಕಂಡು ನಮ್ಮ ಮನೆಯವರು ಬ್ರೇಕ್ ಒತ್ತಿದ್ದರು. ಬಸ್ಸು ನಿಂತಿದ್ದೇನೋ ನಿಜ. ಆದರೆ ಎಡಗಡೆ ಹೋಗುತ್ತಿದ್ದದ್ದು ರಸ್ತೆ ದಾಟಿ, ಬಲಗಡೆಯ ಹಿಪ್ಪುನೇರಳೆ ತೋಟದ ಬೇಲಿಗೆ ಮೂತಿ ಇಟ್ಟು ನಿಂತಿತ್ತು. ಪುಣ್ಯಕ್ಕೆ ಎದುರಿಗೆ ಏನೂ ಬರುತ್ತಿರಲಿಲ್ಲ. ಬಂದಿದ್ದರೆ ಈ ವಾರ ಈ ಜಾಗದಲ್ಲಿ ನೀವು ಬೇರೆ ಯಾರದೋ ಬರಹ ಓದುತ್ತಿದ್ದಿರಿ.

ತಾತ ಮಾತ್ರ ಬೇಲಿ ಬಳಸಿಕೊಂಡು ಬಂದು ಆರಾಮಾಗಿ ಹತ್ತಿದ್ದ. "ನಮ್ದೊಂದು ಎತ್ತೂ ಹಿಂಗೇ. ನಿಲ್ಸಾಕೆ ಹೋದ್ರೆ ಬಲಕ್ಕೇ ಎಳೀತದೆ" ಎಂದು ಡ್ರೈವರಿಗೆ ಸಮಾಧಾನ ಬೇರೆ.

ಈ ಮನೆ-ಬಸ್ಸಿನ ಕಥೆ ಸ್ವಲ್ಪ ಹೇಳಬೇಕು. ನಮ್ಮ ಮನೆಯವರು ಚಿಕ್ಕಬಳ್ಳಾಪುರದ ಮಾರ್ಕೆಟ್ಟಿನಿಂದ ಊರೂರಿಗೆ ತರಕಾರಿ ಲಾರಿ ಓಡಿಸಿದವರು. ಸ್ಟೀರಿಂಗ್ ಅಂದರೆ ಪ್ರಾಣ. ಅವರ ಅಮ್ಮನಿಗೆ, ಅಂದರೆ ನನ್ನ ಅತ್ತೆಗೆ, ಒಂದೇ ಒಂದು ಆಸೆ. ಸಮುದ್ರ ನೋಡಬೇಕು. ಕೆರೆ ಕೋಡಿ ಬಿದ್ದರೆ ಬುತ್ತಿ ಕಟ್ಟಿಕೊಂಡು ನೋಡಲು ಹೋಗುವ ಸೀಮೆಯವರು ನಾವು. ಅಷ್ಟೊಂದು ನೀರು ಒಂದೇ ಕಡೆ ಇರುತ್ತದೆ ಅನ್ನುವುದನ್ನು ಅತ್ತೆ ಇನ್ನೂ ಪೂರ್ತಿ ನಂಬಿಲ್ಲ.

ಹಾಗಾದರೆ ಬಸ್ಸು ಹತ್ತಿ ಹೋಗಿಬರಬಹುದಲ್ಲ?

ಆಗುವುದಿಲ್ಲ. ಅತ್ತೆಗೆ ಷುಗರ್. ಗಂಟೆಗೊಮ್ಮೆ ಎದ್ದು ಹೋಗಬೇಕು. ಗೌರಿಬಿದನೂರಿಗೆ ಮದುವೆಗೆ ಹೋದಾಗ ಬೆಳಗಿನಿಂದ ಸಂಜೆಯವರೆಗೆ ಒಂದು ಹನಿ ನೀರು ಮುಟ್ಟದೆ ಕೂತಿದ್ದು, ಆಮೇಲೆ ಉರಿ, ಜ್ವರ ಅಂತ ಆಸ್ಪತ್ರೆ ಸೇರಿದ್ದರು. "ನೀರು ಯಾಕಮ್ಮ ಕುಡಿಯಲ್ಲ ನೀವು?" ಎಂದು ಡಾಕ್ಟರು ಗದರಿದರು. (ಡಾಕ್ಟರು ಗಂಡಸರು ಎಂದು ಬೇರೆ ಹೇಳಬೇಕೆ?) ಅವತ್ತಿನಿಂದ ಅತ್ತೆ ದೂರದ ಬಸ್ಸು ಹತ್ತಿಲ್ಲ.

ಅದಕ್ಕೇ ಮಗ ಶಪಥ ಮಾಡಿ ಒಂದು ಹಳೇ ರೂಟ್ ಬಸ್ಸು ಕೊಂಡರು. ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ನಿಲ್ಲಿಸಿ, ಸೀಟು ಕಿತ್ತು, ಮನೆ ಮಾಡಲು ಶುರು ಮಾಡಿದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಸುಬ್ಬಣ್ಣ ಬಂದ.

ದೇವನಹಳ್ಳಿಗೆ ಏರ್‌ಪೋರ್ಟ್ ಬಂದು, ನಮ್ಮೂರು ಜಿಲ್ಲೆಯಾಗಿ, ಸೈಟುಗಳಿಗೆ ರೇಟು ಬಂದ ಮೇಲೆ ಗಲ್ಲಿಗೊಬ್ಬ ವಾಸ್ತು ಪಂಡಿತ ಹುಟ್ಟಿಕೊಂಡಿದ್ದಾನೆ. ಸುಬ್ಬಣ್ಣ ನಮ್ಮ ಗಲ್ಲಿಯವನು. ಜೇಬಿನಿಂದ ಕಂಪಾಸ್ ತೆಗೆದ. ಬಸ್ಸು ಉತ್ತರಕ್ಕೆ ಮುಖ ಮಾಡಿ ನಿಂತಿತ್ತು. ಸರಿ, ಮುಂದಿನ ಬಲಮೂಲೆ ಈಶಾನ್ಯ, ದೇವರ ಜಾಗ. ಅದು ಡ್ರೈವರ್ ಸೀಟೂ ಹೌದು. (ನಮ್ಮ ಮನೆಯವರಿಗೆ ಇದು ಬಹಳ ಹಿಡಿಸಿತು.) ಹಿಂದಿನ ಬಲಮೂಲೆ ಆಗ್ನೇಯ, ಅಲ್ಲಿ ಒಲೆ. ಹಿಂದಿನ ಎಡಮೂಲೆ ನೈಋತ್ಯ. ಅದು ಭಾರವಾದಷ್ಟೂ ಯಜಮಾನನಿಗೆ ಶ್ರೇಯಸ್ಸು.

ಶ್ರೇಯಸ್ಸು ಯಾರಿಗೆ ಬೇಡ? ಬೀರು ಅಲ್ಲಿಗೇ ಹೋಯಿತು. ಗ್ರೈಂಡರ್ ಹೋಯಿತು. ಅತ್ತೆಯ ಹಿತ್ತಾಳೆ ಪಾತ್ರೆಗಳ ಟ್ರಂಕು ಹೋಯಿತು. ಇನ್ನೂ ಸಾಲದು ಎಂದು ಸುಬ್ಬಣ್ಣ ತಲೆ ಅಲ್ಲಾಡಿಸಿದ್ದಕ್ಕೆ ಕೆಳಗೆ ಒಂದು ಚಪ್ಪಡಿ ಕಲ್ಲನ್ನೂ ಹಾಕಿಸಿದರು. ನಾಲ್ಕು ಜನ ಹೊತ್ತು ತಂದರು ಅದನ್ನು.

"ಕಕ್ಕಸು ಎಲ್ಲಿ ಬರುತ್ತೆ?" ಅಂದೆ.

"ವಾಯವ್ಯದಲ್ಲೇ ಬರ್ಬೇಕು ತಾಯಿ. ಆದ್ರೆ ವಾಯವ್ಯದಲ್ಲಿ ಬಸ್ಸಿನ ಬಾಗಿಲೈತಲ್ಲ. ಬೇರೆ ಮೂಲೇಲಿ ಕಟ್ಟಿದ್ರೆ ದೋಷ" ಅಂದ ಸುಬ್ಬಣ್ಣ.

ಹೀಗಾಗಿ ಯಾರಿಗೋಸ್ಕರ ಬಸ್ಸು ಮನೆಯಾಯಿತೋ ಅವರಿಗೆ ಬೇಕಾದದ್ದೊಂದನ್ನು ಬಿಟ್ಟು ಬಾಕಿ ಎಲ್ಲವೂ ಬಂತು. "ದಾರೀಲಿ ಒಳ್ಳೊಳ್ಳೇ ಹೋಟ್ಲು ಸಿಗ್ತವೆ ಬಿಡಮ್ಮ" ಎಂದರು ಮಗರಾಯರು. ಅತ್ತೆ ಜಗಳ ಆಡಲಿಲ್ಲ. "ನೀವ್ ಹೋಗ್ಬನ್ನಿ. ಫೋಟೋ ತಂದು ತೋರ್ಸಿ" ಅಂದರು.

ದಿಬ್ಬೂರಹಳ್ಳಿಯವರೆಗಿನ ಟ್ರಯಲ್‌ಗಾದರೂ ಬನ್ನಿ ಎಂದು ನಾನೇ ಬಲವಂತ ಮಾಡಿ ಕರೆದುಕೊಂಡು ಬಂದಿದ್ದೆ. ಬಂದರು. ಬೆಳಗಿನ ಕಾಫಿಯನ್ನೂ ಕುಡಿಯದೆ ಬಂದರು.

ಬೇಲಿಯಿಂದ ಹಿಂದಕ್ಕೆ ಸರಿದ ಬಸ್ಸು ತಾತನ ಸಮೇತ ಆಮೆಯ ಹಾಗೆ ತೆವಳುತ್ತಾ ಶಿಡ್ಲಘಟ್ಟ ತಲುಪಿತು. ತಾತ ಗೂಡಿನ ಮಾರ್ಕೆಟ್ಟಿಗೆ ಇಳಿದುಹೋದ. ನಾವು ನಮ್ಮ ಮನೆಯವರ ಲಾರಿ ಕಾಲದ ಸ್ನೇಹಿತ ನಜೀರಣ್ಣನ ಗ್ಯಾರೇಜಿಗೆ ಹೋದೆವು. ನಜೀರಣ್ಣ ಬಸ್ಸನ್ನು ರಿವರ್ಸ್‌ನಲ್ಲಿ ಒಳಕ್ಕೆ ತೆಗೆದುಕೊಂಡು, ಹಿಂದಿನ ಎಡಚಕ್ರಕ್ಕೆ ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಬ್ರೇಕ್ ಡ್ರಮ್ ಎಳೆದ. ಒಳಗೆಲ್ಲ ಪಳಪಳ ಎಣ್ಣೆ.

"ನೋಡಣ್ಣ, ಬೇರಿಂಗ್ ಹೋಗೈತೆ, ಆಯಿಲ್ ಸೀಲ್ ಕಿತ್ತೈತೆ. ಆಕ್ಸಲ್ ಎಣ್ಣೆ ಎಲ್ಲಾ ಬ್ರೇಕ್ ಲೈನರ್ ಮೇಲೆ. ಈ ಚಕ್ರ ಹಿಡಿಯೋದೇ ಇಲ್ಲ. ಬಲಗಡೇದು ಒಂದೇ ಹಿಡಿದ್ರೆ ಗಾಡಿ ಬಲಕ್ಕೇ ತಾನೇ ಹೋಗೋದು? ಭಾರ ತಡೀದೆ ಕಮಾನು ಪಟ್ಟಿನೂ ಒಂದು ಸೀಳೈತೆ."

ಬಸ್ಸಿನ ಒಳಗೆ ಹತ್ತಿ ಮೂಲೆಗೆ ಬಗ್ಗಿ ನೋಡಿದ.

"ಇದೇನಣ್ಣ, ಒಳ್ಳೆ ಬಂಡೆ ಇಟ್ಟಂಗೆ ಇಟ್ಟಿದ್ದೀರಾ?"

"ಬಂಡೇನೇ" ಎಂದರು ನಮ್ಮ ಮನೆಯವರು, ಸಣ್ಣ ದನಿಯಲ್ಲಿ. ಆಮೇಲೆ ಗಂಟಲು ಸರಿ ಮಾಡಿಕೊಂಡು ನೈಋತ್ಯದ ಮಹಿಮೆಯನ್ನು ವಿವರಿಸಿದರು.

ನಜೀರಣ್ಣ ನಗಲಿಲ್ಲ. "ಕರೆಕ್ಟೇ ಅಣ್ಣ. ನಮ್ ಗ್ಯಾರೇಜಲ್ಲೂ ಆ ಮೂಲೇಲೇ ಹಳೇ ಇಂಜಿನ್ ಇಟ್ಟಿದ್ದೀನಿ, ಯಾರೋ ಹೇಳಿದ್ರು ಅಂತ. ಆದ್ರೆ ನಮ್ ಗ್ಯಾರೇಜಿಗೆ ಆಕ್ಸಲ್ ಇಲ್ವಲ್ಲ."

ಅಷ್ಟರಲ್ಲಿ ಅತ್ತೆ ನನ್ನ ಸೆರಗು ಜಗ್ಗಿದರು. ಮುಖ ಬಾಡಿತ್ತು, ತುಟಿ ಒಣಗಿತ್ತು. ಸುತ್ತ ನೋಡಿದೆ. ಗ್ಯಾರೇಜು, ಟೈರು ಅಂಗಡಿ, ಟೀ ಅಂಗಡಿ. ಗಂಡಸರಿಗೇನು, ಗೋಡೆ ಸಿಕ್ಕರೆ ಸಾಕು. (ಇಲ್ಲಿ ಮೂತ್ರ ಮಾಡಬಾರದು ಎಂದು ಬರೆದಿರುವ ಗೋಡೆಯಾದರೆ ಇನ್ನೂ ಸಂತೋಷ.) ನಾವು ಎಲ್ಲಿಗೆ ಹೋಗಬೇಕು?

ಗ್ಯಾರೇಜಿನ ಹಿಂದೆಯೇ ನಜೀರಣ್ಣನ ಮನೆ. ಅವನ ಹೆಂಡತಿ ಜಬೀನಾ ಬಾಗಿಲಲ್ಲಿ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯ ಮುಖ ನೋಡಿ, "ಬನ್ನಿ ಅಮ್ಮ, ಒಳಗೆ ಬನ್ನಿ" ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ನೋಡಿ.

ಹೊರಗೆ ಬಂದ ಅತ್ತೆ ಬೇರೆಯವರೇ ಆಗಿದ್ದರು. ಜಬೀನಾ ಕೊಟ್ಟ ಚೊಂಬು ನೀರನ್ನು ಒಂದೇ ಸಮನೆ ಕುಡಿದು, ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತರು. ಗಂಟಲು ನೆನೆದದ್ದೇ ತಡ, ಮಾತು ಬಂತು.

"ಏಂರಾ, ಬಸ್ಸು ಈಗ ಯಾವ ಕಡೀಕೆ ಮುಖ ಮಾಡೈತೆ?"

"ದಕ್ಷಿಣಕ್ಕಮ್ಮ."

"ಹಂಗಾದ್ರೆ ಆ ಬಂಡೆ, ಬೀರು ಈಗ ಯಾವ ಮೂಲೇಲೈತೆ?"

ನಮ್ಮ ಮನೆಯವರು ಗಾಳಿಯಲ್ಲಿ ಕೈ ತಿರುಗಿಸಿ ಲೆಕ್ಕ ಹಾಕಿದರು. "ಈಶಾನ್ಯ" ಎಂದರು. ವಾಸ್ತು ಬಲ್ಲವರಿಗೆ ಗೊತ್ತು, ಈಶಾನ್ಯದಲ್ಲಿ ಭಾರ ಇಡುವುದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿಲ್ಲ.

"ಸಮುದ್ರ ಯಾವ ಕಡೀಕೈತೆ?"

"ಪಶ್ಚಿಮಕ್ಕೆ."

"ದಾರಿ ಉದ್ದಕ್ಕೂ ಆ ಕಡೀಕೇ ಮುಖ ಅಂದ್ರೆ, ಆವಾಗ ನಿನ್ನ ವಾಯವ್ಯ ಎಲ್ಲಿ ಬರ್ತದಪ್ಪ?"

ಮತ್ತೆ ಕೈ ತಿರುಗಿತು. ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಲೆಕ್ಕ ಹಾಕುತ್ತಿದ್ದ ನಜೀರಣ್ಣ ಉತ್ತರ ಕೊಟ್ಟುಬಿಟ್ಟ: "ಡ್ರೈವರ್ ಸೀಟು ಅಮ್ಮ!"

"ಕಟ್ಸಪ್ಪ ಅಲ್ಲೇ" ಅಂದರು ಅತ್ತೆ. "ನೀನು ಓಡಿಸ್ಕೊಂಡೇ ಇರು, ನಾನ್ ಬಂದು ಹೋಗ್ತಿರ್ತೀನಿ."

ಜಬೀನಾ ದುಪಟ್ಟಾ ಬಾಯಿಗೆ ಅಡ್ಡ ಇಟ್ಟುಕೊಂಡು ಒಳಕ್ಕೆ ಓಡಿದಳು. ನಾನು ಓಡಲೂ ಇಲ್ಲ, ಬಾಯಿಗೆ ಏನೂ ಇಟ್ಟುಕೊಳ್ಳಲೂ ಇಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು.

ನಮ್ಮ ಮನೆಯವರು ಮೊಬೈಲ್ ತೆಗೆದು ಸುಬ್ಬಣ್ಣನಿಗೆ ಫೋನ್ ಮಾಡಿದರು. ಆತ ಏನು ಹೇಳಿದನೋ, ಅತ್ತೆ ಫೋನ್ ಕಿತ್ತುಕೊಂಡು, "ಸುಬ್ಬಣ್ಣಾ, ನಿನ್ನ ಹೆಂಡ್ತಿ ಬಸ್ಸಲ್ಲಿ ಹೋದ್ರೆ ಎಲ್ಲಿ ಹೋಗ್ತಾಳಪ್ಪಾ?" ಎಂದರು. ಆ ಕಡೆ ನೆಟ್‌ವರ್ಕ್ ಹೋಯಿತು.

ಸಿಟ್ಟು ಬಂದರೆ ನಮ್ಮ ಮನೆಯವರು ಮಾತಾಡುವುದಿಲ್ಲ. ಸೋತರೂ ಮಾತಾಡುವುದಿಲ್ಲ. ಇವತ್ತು ಯಾವುದು ಎಂದು ತಿಳಿಯದೆ ನಾನು ಕಾಯುತ್ತಿದ್ದೆ. ಅವರು ಫೋನ್ ವಾಪಸ್ಸು ತೆಗೆದುಕೊಂಡು ಜೇಬಿಗಿಟ್ಟು, ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು, "ಬೆಳಗ್ಗಿಂದ ಏನೂ ಕುಡ್ದಿರ್ಲಿಲ್ವಾ?" ಎಂದರು. ಗೌರಿಬಿದನೂರಿನ ಮದುವೆಗೆ ಅಮ್ಮನ ಪಕ್ಕದ ಸೀಟಿನಲ್ಲೇ ಕೂತು ಹೋದವರು ಅವರು. ಹೋಗಿಬರುವ ದಾರಿಯಲ್ಲಿ ಎರಡು ಸಲ ಇಳಿದು ಟೀ ಕುಡಿದಿದ್ದರು.

"ನಜೀರಾ, ಬಂಡೆ ಇಳಿಸೋ" ಅಂದರು ಆಮೇಲೆ.

ಬಂಡೆ ಇಳಿಯಿತು. ಈಗ ಅದು ಜಬೀನಾಳ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಬೀರು ಟೆಂಪೋ ಹತ್ತಿ ಚಿಕ್ಕಬಳ್ಳಾಪುರಕ್ಕೆ ವಾಪಸ್ಸು ಹೋಯಿತು, ಹಿಂದೆಯೇ ಟ್ರಂಕು ಮತ್ತು ಗ್ರೈಂಡರ್. ಹೊಸ ಬೇರಿಂಗ್, ಹೊಸ ಸೀಲ್, ಎರಡೂ ಕಡೆಗೆ ಹೊಸ ಲೈನರ್, ಕಮಾನಿಗೆ ಹೊಸ ಪಟ್ಟಿ. ನೀರಿನ ಟ್ಯಾಂಕನ್ನು ನಜೀರಣ್ಣ ಎರಡು ಚಕ್ರಗಳ ನಟ್ಟನಡುವೆ ಕೂರಿಸಿಕೊಟ್ಟ. ಖಾಲಿಯಾದ ನೈಋತ್ಯದಲ್ಲಿ ಒಂದು ಪುಟ್ಟ ಫೈಬರ್ ಕಕ್ಕಸು ಬಂತು. ಒಳಗಿನಿಂದ ಚಿಲಕ, ಮೇಲೊಂದು ಬಲ್ಬು. ಶ್ರೇಯಸ್ಸಿಗೆ ಏನಾಯಿತೋ ಗೊತ್ತಿಲ್ಲ. ಬಸ್ಸಂತೂ ಈಗ ಬ್ರೇಕ್ ಒತ್ತಿದ ಕಡೆ ನೆಟ್ಟಗೆ ನಿಲ್ಲುತ್ತದೆ.

ಮೊನ್ನೆ ಬೆಳಗ್ಗೆ ಸಮುದ್ರಕ್ಕೆ ಹೊರಟೆವು. ಹೊಸಿಲು ದಾಟುವಾಗ ಅತ್ತೆಯ ಕೈಗೆ ಲೋಟ ಕೊಟ್ಟೆ. ಅಭ್ಯಾಸ ಬಲ, "ಬ್ಯಾಡಮ್ಮ, ಬಸ್ ಹತ್ಬೇಕು" ಎಂದು ತಳ್ಳಿದರು. ತಳ್ಳಿದವರು ಗಕ್ಕನೆ ನಿಂತು, ಬಸ್ಸಿನ ಹಿಂದಿನ ಎಡಮೂಲೆಯನ್ನು ಒಮ್ಮೆ ನೋಡಿ, ಲೋಟ ಇಸಿದುಕೊಂಡು ಪೂರ್ತಿ ಕುಡಿದರು. ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದರು.

ಅಂದ ಹಾಗೆ, ನಿಮ್ಮ ಮನೆಯ ಹೆಂಗಸರು ಬಸ್ಸು ಹತ್ತುವ ದಿನ ಎಷ್ಟು ಲೋಟ ನೀರು ಕುಡಿಯುತ್ತಾರೆ, ಯಾವತ್ತಾದರೂ ನೋಡಿದ್ದೀರಾ?